ಗೌಟ್: ನೋವು ಶಮನವಾದರೂ ಎಚ್ಚರಿಕೆ ಅಗತ್ಯ

ರಕ್ತದಲ್ಲಿ ಯೂರಿಕ್ ಆಮ್ಲವು ಬಹುಕಾಲ ಅಧಿಕವಾಗಿದ್ದರೆ, ಅದು ಸೂಜಿಯಂತಹ ಹರಳುಗಳಾಗಿ ಕೀಲುಗಳಲ್ಲಿ ಸಂಗ್ರಹವಾಗಬಹುದು. ಇದರಿಂದ ಉಂಟಾಗುವ ಕೀಲುರೋಗವೇ ಗೌಟ್. ಸಾಮಾನ್ಯವಾಗಿ ಕಾಲಿನ ಹೆಬ್ಬೆರಳಿನ ಬುಡದಲ್ಲಿ, ಹೆಚ್ಚಾಗಿ ರಾತ್ರಿಯ ವೇಳೆ, ತೀವ್ರವಾದ ನೋವು ಹಾಗೂ ಕೆಂಪಾದ ಬಾವು ಹಠಾತ್ತನೆ ಕಾಣಿಸಿಕೊಳ್ಳುತ್ತವೆ. ಒಂದೆರಡು ವಾರಗಳಲ್ಲಿ ನೋವು ತಾನಾಗಿಯೇ ಶಮನವಾಗಬಹುದು; ಹರಳುಗಳು ಮಾತ್ರ ಉಳಿದಿರುತ್ತವೆ. ಚಿಕಿತ್ಸೆ ಪಡೆಯದಿದ್ದಲ್ಲಿ ಕೀಲುಗಳು ಶಾಶ್ವತವಾಗಿ ಹಾಳಾಗುವ ಸಂಭವವಿದೆ.

ಮದ್ಯವನ್ನು, ವಿಶೇಷವಾಗಿ ಬಿಯರನ್ನು, ವರ್ಜಿಸಬೇಕು. ಪ್ರಾಣಿಗಳ ಯಕೃತ್ತು, ಮೂತ್ರಪಿಂಡ ಮುಂತಾದ ಅಂಗಗಳನ್ನೂ ಸಕ್ಕರೆ ಬೆರೆತ ತಂಪು ಪಾನೀಯಗಳನ್ನೂ ಸೇವಿಸದಿರುವುದು ಒಳ್ಳೆಯದು. ಕೆಂಪು ಮಾಂಸ, ಬೂತಾಯಿ ಮೀನು ಹಾಗೂ ಸಿಗಡಿಯ ಸೇವನೆ ಮಿತವಾಗಿರಲಿ. ಬೇಳೆಕಾಳು, ಪಾಲಕ್ ಸೊಪ್ಪುಗಳನ್ನು ತ್ಯಜಿಸಬೇಕೆಂಬುದು ತಪ್ಪು ಕಲ್ಪನೆ. ಇವುಗಳಿಂದ ಗೌಟ್‌ನ ಅಪಾಯ ಹೆಚ್ಚುವುದು ಕಂಡುಬಂದಿಲ್ಲ. ಕೆನೆ ತೆಗೆದ ಹಾಲು, ಮಜ್ಜಿಗೆ ಹಿತಕರ. ಸ್ಥೂಲಕಾಯದವರು ತೂಕವನ್ನು ಕ್ರಮೇಣ ಇಳಿಸಬೇಕು. ಕಠಿಣ ಉಪವಾಸದಿಂದ ನೋವು ಮರುಕಳಿಸಬಹುದು.

ಪಥ್ಯವೊಂದರಿಂದಲೇ ಯೂರಿಕ್ ಆಮ್ಲವು ಸಾಕಷ್ಟು ಇಳಿಯುವುದು ವಿರಳ. ವೈದ್ಯರು ನಿತ್ಯ ಸೇವನೆಗೆ ಔಷಧಿ ನೀಡಿದ್ದರೆ, ನೋವಿಲ್ಲವೆಂದು ಅದನ್ನು ನಿಲ್ಲಿಸಬಾರದು. ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲವು 100 ಮಿಲಿಲೀಟರಿಗೆ 6 ಮಿಲಿಗ್ರಾಂಗಿಂತ ಕಡಿಮೆ ಇರುವಂತೆ ನೋಡಿಕೊಂಡರೆ, ಹರಳುಗಳು ಕ್ರಮೇಣ ಕರಗುತ್ತವೆ.