ಬಂಡೆಗೆ ಹತ್ತಿರವೋ, ಸಂಜೆಗೆ ಹತ್ತಿರವೋ

ಕೆಲಸಕ್ಕೆಂದು ಬೆಂಗಳೂರಿಗೆ ಬರುವವರಲ್ಲಿ ಬಂಡೆ ಹತ್ತುವ ಹುಚ್ಚಿರುವವರು ಮನೆ ಹುಡುಕುವ ಮೊದಲು ನಕ್ಷೆ ತೆರೆಯುತ್ತಾರೆ. ಮೈಸೂರು ರಸ್ತೆಯಲ್ಲಿ ಸುಮಾರು 50 ಕಿಲೋಮೀಟರಿಗೆ ರಾಮನಗರದ ಬೆಟ್ಟಗಳಿವೆ, ಮಾಗಡಿಯ ಕಡೆ ಸಾವನದುರ್ಗದ ಭಾರೀ ಏಕಶಿಲೆ ಇದೆ. ಹಾಗಿದ್ದಮೇಲೆ ಕೆಂಗೇರಿಯ ಆಸುಪಾಸಿನಲ್ಲಿ ಮನೆ ಮಾಡಿದರೆ ಬಾಡಿಗೆಯೂ ಕಡಿಮೆ, ಬಂಡೆಯೂ ಹತ್ತಿರ ಎಂದು ಅಲ್ಲಿಗೇ ತೀರ್ಮಾನಿಸಿಬಿಡುತ್ತಾರೆ. ವರ್ಷಗಳಿಂದ ಈ ಹವ್ಯಾಸವನ್ನೂ ಮನೆಯ ಖರ್ಚನ್ನೂ ಒಟ್ಟಿಗೆ ತೂಗಿಸಿಕೊಂಡು ಬಂದಿರುವ ನನಗೆ ಈ ಲೆಕ್ಕ ಅರ್ಧದಲ್ಲೇ ನಿಂತಂತೆ ಕಾಣುತ್ತದೆ. ಶನಿವಾರದ ಬಂಡೆ ಎಷ್ಟು ದೂರ ಎಂಬುದಕ್ಕಿಂತ ವಾರದ ನಡುವಿನ ಸಂಜೆಗಳಲ್ಲಿ ಎಷ್ಟು ನಮ್ಮ ಕೈಯಲ್ಲಿ ಉಳಿಯುತ್ತವೆ ಎಂಬುದನ್ನು ನೋಡಿ ಬಾಡಿಗೆ ಕೊಡಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಚೇರಿ ವೈಟ್‌ಫೀಲ್ಡ್‌ನಲ್ಲಿ. ಅಲ್ಲೇ ಮನೆ ಮಾಡುವುದಕ್ಕಿಂತ ಕೆಂಗೇರಿಯಲ್ಲಿ ತಿಂಗಳಿಗೆ 6,000 ರೂಪಾಯಿ ಉಳಿಯುತ್ತದೆ ಎಂದುಕೊಳ್ಳಿ; ವರ್ಷಕ್ಕೆ 72,000. ರಾಮನಗರಕ್ಕೆ ಹೋಗಿಬರುವ ದಾರಿಯಲ್ಲಿ ಸುಮಾರು 80 ಕಿಲೋಮೀಟರ್ ಉಳಿತಾಯ. ವರ್ಷಕ್ಕೆ 30 ಶನಿವಾರ ಹೋದರೆ, ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿನಲ್ಲಿ, ಪೆಟ್ರೋಲಿಗೆ ನೂರು ರೂಪಾಯಿ ಹಿಡಿದರೆ, ಇನ್ನೊಂದು 16,000. ಒಟ್ಟು 88,000 ರೂಪಾಯಿ ಲಾಭ. ಇಲ್ಲಿಯವರೆಗೆ ಎಲ್ಲರೂ ಲೆಕ್ಕ ಹಾಕುತ್ತಾರೆ. ಆದರೆ ಕಚೇರಿಗೆ ಮೆಟ್ರೊದ ನೇರಳೆ ಮಾರ್ಗದಲ್ಲಿ ಊರನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ದಾಟಬೇಕು. 2025ರ ಫೆಬ್ರುವರಿಯಲ್ಲಿ ದರ ಏರಿಸಿದಾಗ ಗರಿಷ್ಠ ಟಿಕೆಟ್ 90 ರೂಪಾಯಿ ಆಯಿತು. ವರ್ಷದ 220 ಕೆಲಸದ ದಿನಗಳಿಗೆ ಸ್ಮಾರ್ಟ್ ಕಾರ್ಡ್ ರಿಯಾಯಿತಿ ಕಳೆದರೂ 37,000ಕ್ಕೆ ಮೇಲೆ. ಉಳಿದದ್ದು ಸುಮಾರು 50,000. ಅದಕ್ಕೆ ಪ್ರತಿಯಾಗಿ, ಕಡಿಮೆ ಹಿಡಿದರೂ ದಿನಕ್ಕೆ ಎರಡು ಗಂಟೆಯಂತೆ 440 ಗಂಟೆ ಪ್ರಯಾಣದಲ್ಲಿ ಹೋಗುತ್ತದೆ. ಅಂದರೆ ಗಂಟೆಗೆ ಹೆಚ್ಚೆಂದರೆ 115 ರೂಪಾಯಿಗೆ ನಮ್ಮ ಸಂಜೆಗಳನ್ನು ಮಾರಿದ ಹಾಗಾಯಿತು. ಬೆರಳು, ತೋಳು, ಪಾದಗಳಿಗೆ ಕಸುವು ಬರುವುದು ವಾರಕ್ಕೆರಡು ಮೂರು ಬಾರಿ ಊರೊಳಗಿನ ಕೃತಕ ಗೋಡೆಯಲ್ಲಿ ಬಿಡದೆ ಅಭ್ಯಾಸ ಮಾಡುವ ಆ ಸಂಜೆಗಳಲ್ಲೇ.

ಇಲ್ಲಿ 30 ಶನಿವಾರ ಎಂದದ್ದೂ ಉದಾರವಾಗಿಯೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ ಬಿದ್ದ ಗ್ರಾನೈಟ್ ಜಾರುತ್ತದೆ, ಏಪ್ರಿಲ್–ಮೇ ತಿಂಗಳ ಬಿಸಿಲಿಗೆ ಬಂಡೆ ಕೈ ಇಡಲಾರದಷ್ಟು ಕಾಯುತ್ತದೆ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಅಲ್ಲಿ ನಮ್ಮ ಹಗ್ಗಕ್ಕಿಂತ ಹಕ್ಕಿಯ ಗೂಡಿಗೆ ಮೊದಲ ಹಕ್ಕು, ಅದು ಸರಿಯೂ ಹೌದು. ಬೈಕಿನಲ್ಲಿ ಹೋಗುವವರಿಗೆ ಇನ್ನೊಂದು ಸಂಗತಿ: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ನಕ್ಷೆ ತೋರಿಸುವ ಕಿಲೋಮೀಟರ್ ಒಂದು, ರಸ್ತೆಯಲ್ಲಿ ಕಳೆಯುವ ಹೊತ್ತು ಇನ್ನೊಂದು.

ಕೃತಕ ಗೋಡೆ ನಿಜವಾದ ಬಂಡೆಯಲ್ಲ, ಬಯಲಿನ ಗಾಳಿ ಅಲ್ಲಿಲ್ಲ, ಅದಕ್ಕೆ ಯಾಕೆ ದುಡ್ಡು ಸುರಿಯಬೇಕು ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಸಾವನದುರ್ಗದ ಇಳಿಜಾರಿನಲ್ಲಿ ಬರೀ ಪಾದದ ಹಿಡಿತವನ್ನು ನಂಬಿ ನಿಲ್ಲುವ ಪಾಠವನ್ನು ಪ್ಲಾಸ್ಟಿಕ್ ಹಿಡಿಕೆಗಳು ಕಲಿಸಲಾರವು. ಆದರೂ ಹಗ್ಗ ಕಟ್ಟಿ ಹತ್ತುವುದಕ್ಕೆ ಕೆಳಗೆ ನಂಬಿಕಸ್ಥ ಜೊತೆಗಾರ ಬೇಕು, ಹೊಸ ಊರಿಗೆ ಬಂದವರಿಗೆ ಅಂಥವರು ಸಿಗುವುದು ಹೆಚ್ಚಾಗಿ ಕಂಠೀರವ ಕ್ರೀಡಾಂಗಣದ ಗೋಡೆಯಂಥ ಕಡೆ, ಖಾಸಗಿ ಕ್ಲೈಂಬಿಂಗ್ ಜಿಮ್‌ಗಳಲ್ಲಿ. ಜೊತೆಗಾರರಿಲ್ಲದಿದ್ದರೆ ಕೆಂಗೇರಿಯ ಮನೆಯಿಂದಲೂ ರಾಮನಗರ ದೂರವೇ. ಜೊತೆಗಾರರಿದ್ದರೆ ನಾಲ್ವರು ಒಂದೇ ಕಾರಿನಲ್ಲಿ ಹೋಗುತ್ತಾರೆ, ಆ 16,000 ರೂಪಾಯಿ ತಲಾ 4,000ಕ್ಕೆ ಇಳಿಯುತ್ತದೆ. ಬಂಡೆಗೆ ಹತ್ತಿರವಿರುವ ಮನೆಯ ಬೆಲೆ ಆಗ ಇನ್ನೂ ಕುಗ್ಗುತ್ತದೆ.

ಒಂದು ವಿನಾಯಿತಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಕಚೇರಿಯೂ ನಗರದ ದಕ್ಷಿಣದಲ್ಲೇ ಇದ್ದರೆ ಕನಕಪುರ ರಸ್ತೆಯ ಕಡೆಯ ತುರಹಳ್ಳಿ ಕಾಡಿನ ಗುಂಡುಗಳು ಕೆಲಸದ ದಿನದ ಬೆಳಿಗ್ಗೆಗೂ ಎಟುಕುತ್ತವೆ. ಗುಂಡುಗಳನ್ನು ಹತ್ತುವ ಬೌಲ್ಡರಿಂಗ್‌ಗೆ ಹಗ್ಗ ಬೇಕಿಲ್ಲ, ಬಿದ್ದರೆ ತಡೆಯುವ ದಪ್ಪ ಹಾಸಿಗೆ ಸಾಕು. ಆದರೆ ಅದು ಅರಣ್ಯ ಇಲಾಖೆಯ ಜಾಗ. ಈಗ ಒಳಗೆ ಯಾರನ್ನು, ಎಷ್ಟು ಹೊತ್ತಿಗೆ, ಏನು ಮಾಡಲು ಬಿಡುತ್ತಾರೆ ಎಂದು ವಿಚಾರಿಸಿಯೇ ಮುಂದುವರಿಯಬೇಕು.

ಮನೆಯಿಂದಲೇ ಕೆಲಸ ಮಾಡುವವರು ಕೇಳುವುದು ಇನ್ನೂ ಗಟ್ಟಿಯಾದ ಪ್ರಶ್ನೆ: ಬೆಂಗಳೂರೇ ಯಾಕೆ? ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳಲ್ಲಿ ಬೋಲ್ಟ್ ಹೊಡೆದ ದಾರಿಗಳಿವೆ, ಹಂಪಿಯ ಗುಂಡುಗಳಿಗೆ ಹೊರದೇಶಗಳಿಂದ ಜನ ಬರುತ್ತಾರೆ, ಬಾಡಿಗೆಯೂ ಇಲ್ಲಿಯಷ್ಟಿಲ್ಲ. ಇಲ್ಲಿ ನನ್ನ ಸಂಜೆಯ ಲೆಕ್ಕ ಅವರ ಪರವಾಗಿಯೇ ವಾಲುತ್ತದೆ, ಆದರೆ ವರ್ಷವಿಡೀ ಅಲ್ಲ, ಚಳಿಗಾಲದ ನಾಲ್ಕು ತಿಂಗಳಿಗೆ. ಬೇಸಿಗೆಯ ಬಿಸಿಲು ಒಂದು ಕಾರಣ. ಹಂಪಿ ಕಲಿಸುವ ಪಾಠ ಇನ್ನೊಂದು. ನದಿಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಹತ್ತುವವರು ತಂಗುತ್ತಿದ್ದ ವಸತಿಗಳ ತೆರವನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಅವು ನೆಲಸಮವಾದವು. ಬಂಡೆಗಳು ಇದ್ದಲ್ಲೇ ಇದ್ದವು, ಅವುಗಳ ಸುತ್ತಲಿನ ಬದುಕಿಗೆ ನೆಲೆ ತಪ್ಪಿತು. ಇನ್ನು ಅಲ್ಲೇ ನೆಲೆಸಿ ಹತ್ತುವುದನ್ನು ಕಲಿಸುತ್ತಾ ಸಂಪಾದಿಸುತ್ತೇನೆ ಎನ್ನುವವರು ಆರೋಗ್ಯ ವಿಮೆಯ ಪಾಲಿಸಿಯನ್ನು ಮತ್ತೊಮ್ಮೆ ಓದಬೇಕು. ವೃತ್ತಿಯಾಗಿ ಸಾಹಸ ಕ್ರೀಡೆಯಲ್ಲಿ ತೊಡಗಿದವರ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಭಾರತದ ಪಾಲಿಸಿಗಳಲ್ಲಿ ಸಾಮಾನ್ಯ, ಅದರಲ್ಲಿ ಬಂಡೆ ಹತ್ತುವುದರ ಹೆಸರನ್ನು ಬಿಡಿಸಿ ಬರೆದಿರುತ್ತಾರೆ.

ಹೊಸ ಊರಿಗೆ ಹೊರಟವರಲ್ಲಿ ನನ್ನ ಕೋರಿಕೆ ಇಷ್ಟು. ತಿಂಗಳುಗಟ್ಟಲೆ ಬಾಡಿಗೆಯಷ್ಟು ಅಡ್ವಾನ್ಸ್ ಕೊಡುವ ಮೊದಲು ಪಿಜಿಯಲ್ಲೋ ಸ್ನೇಹಿತರ ಮನೆಯಲ್ಲೋ ಒಂದು ತಿಂಗಳು ಇರಿ. ಮಂಗಳವಾರವೋ ಬುಧವಾರವೋ ಕಚೇರಿ ಮುಗಿಸಿ, ಶೂ ಮತ್ತು ಚಾಕ್ ಚೀಲ ಹಿಡಿದು ಗೋಡೆಗೆ ಹೋಗಿ, ಅಲ್ಲಿಂದ ನೋಡಿಟ್ಟ ಮನೆಯ ಬೀದಿಯವರೆಗೆ ಬನ್ನಿ. ಊಟದ ಹೊತ್ತಿಗೆ ತಲುಪಲಾಗದಿದ್ದರೆ ಆ ಮನೆ ಬೇಡ.