ಮುದ್ರಣದಿಂದ ಮೊಬೈಲ್‌ಗೆ: ವಿದ್ಯಾರ್ಥಿ ಪತ್ರಿಕೋದ್ಯಮದ ಲೆಕ್ಕಾಚಾರ

ವಿದ್ಯಾರ್ಥಿಗಳು ತಾವೇ ಸುದ್ದಿ ಸಂಗ್ರಹಿಸಿ, ತಾವೇ ಬರೆದು, ತಾವೇ ಪ್ರಕಟಿಸುವುದನ್ನು ವಿದ್ಯಾರ್ಥಿ ಪತ್ರಿಕೋದ್ಯಮ ಎನ್ನುತ್ತಾರೆ. ನಿಮ್ಮ ಕೈಯಲ್ಲಿರುವ ಈ ಸುದ್ದಿಪತ್ರವೂ ಅದರ ಒಂದು ಚಿಕ್ಕ ರೂಪ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅಲ್ಲಿನ ವಿದ್ಯಾರ್ಥಿಗಳು ಕಾಗದದಿಂದ ಅಂತರ್ಜಾಲಕ್ಕೆ ಬಂದಾಗ ಯಾವ ಖರ್ಚು ಕಡಿಮೆಯಾಯಿತು, ಯಾವುದು ಕಡಿಮೆಯಾಗಲಿಲ್ಲ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

1. ವೆಚ್ಚದ ಪಾಠ

ಅರ್ಥಶಾಸ್ತ್ರದಲ್ಲಿ ನಾವು ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ಓದುತ್ತೇವೆ. ಪತ್ರಿಕೆಗೂ ಇದು ಅನ್ವಯಿಸುತ್ತದೆ. ಒಂದು ಸುದ್ದಿಯನ್ನು ಹುಡುಕಿ, ನಾಲ್ಕು ಜನರನ್ನು ಕೇಳಿ, ಬರೆದು ತಿದ್ದುವ ಶ್ರಮ ಸ್ಥಿರ ವೆಚ್ಚ. ಹತ್ತು ಜನ ಓದಿದರೂ ಅಷ್ಟೇ, ಹತ್ತು ಸಾವಿರ ಜನ ಓದಿದರೂ ಅಷ್ಟೇ. ಕಾಗದ, ಶಾಯಿ, ಸಾಗಾಟದ ಖರ್ಚು ಮಾತ್ರ ಪ್ರತಿಗಳು ಹೆಚ್ಚಿದಂತೆ ಹೆಚ್ಚುತ್ತದೆ. ಅಂತರ್ಜಾಲ ಬಂದ ಮೇಲೆ ಈ ಎರಡನೆಯ ಖರ್ಚು ಬಹುತೇಕ ಇಲ್ಲವಾಯಿತು. ಇನ್ನೊಬ್ಬ ಓದುಗ ಸೇರಿದಾಗ ಆಗುವ ಹೆಚ್ಚುವರಿ ಖರ್ಚು, ಅಂದರೆ ಸೀಮಾಂತ ವೆಚ್ಚ, ಸೊನ್ನೆಯ ಹತ್ತಿರ ಬಂತು.

ಈ ಲಾಭವನ್ನು ವಿದ್ಯಾರ್ಥಿಗಳು ಬೇಗ ಗುರುತಿಸಿದರು. ಎಂಐಟಿಯ ವಿದ್ಯಾರ್ಥಿ ಪತ್ರಿಕೆ 'ದಿ ಟೆಕ್' 1881ರಲ್ಲಿ ಆರಂಭವಾದದ್ದು. ಅದು 1993ರಲ್ಲೇ ಜಾಲತಾಣದಲ್ಲಿ ಪ್ರಕಟವಾಗತೊಡಗಿತು. ನ್ಯೂಯಾರ್ಕ್‌ನ ಕೊಲಂಬಿಯ ವಿಶ್ವವಿದ್ಯಾಲಯದ 'ಸ್ಪೆಕ್ಟೇಟರ್' 1877ರ ಪತ್ರಿಕೆ. ಅದು 2014ರಲ್ಲಿ ದಿನನಿತ್ಯದ ಮುದ್ರಣ ಬಿಟ್ಟು ವಾರಕ್ಕೊಮ್ಮೆ ಮುದ್ರಿಸಲು ತೀರ್ಮಾನಿಸಿತು. ಪ್ರತಿದಿನದ ಸುದ್ದಿಗೆ ಜಾಲತಾಣವೇ ಮುಖ್ಯವಾಯಿತು.

2. ವೇಗದ ಪಾಠ

ಮುದ್ರಣದ ಕಾಲದಲ್ಲಿ ಸುದ್ದಿಗೂ ಓದುಗನಿಗೂ ನಡುವೆ ಒಂದು ರಾತ್ರಿ ಇರುತ್ತಿತ್ತು. ಆ ಸಮಯದಲ್ಲಿ ಹೆಸರು ಸರಿಯಿದೆಯೇ, ಸಂಖ್ಯೆ ಸರಿಯಿದೆಯೇ ಎಂದು ನೋಡಬಹುದಿತ್ತು. ಅಂತರ್ಜಾಲ ಆ ರಾತ್ರಿಯನ್ನು ಕಿತ್ತುಕೊಂಡಿತು.

2007ರ ಏಪ್ರಿಲ್ 16ರಂದು ವರ್ಜೀನಿಯ ಟೆಕ್ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿ ಗುಂಡು ಹಾರಿಸಿ 32 ಜನರನ್ನು ಕೊಂದ. ಅಲ್ಲಿನ ವಿದ್ಯಾರ್ಥಿ ಪತ್ರಿಕೆ 'ಕಾಲೇಜಿಯೇಟ್ ಟೈಮ್ಸ್' ಮರುದಿನದ ಸಂಚಿಕೆಗೆ ಕಾಯದೆ ಆಗಲೇ ಜಾಲತಾಣದಲ್ಲಿ ಸುದ್ದಿ ಕೊಡತೊಡಗಿತು. ಓದುಗರ ಒತ್ತಡ ತಾಳಲಾರದೆ ತಾಣ ಸ್ಥಗಿತಗೊಂಡಿತು. ಅವರು ಬೇರೆ ತಾಣದ ಮೂಲಕ ಕೆಲಸ ಮುಂದುವರಿಸಿದರು.

ಅದೇ ದಿನ ಇನ್ನೊಂದು ಘಟನೆಯೂ ನಡೆಯಿತು. ಕೊಲೆಗಾರ ಏಷ್ಯಾ ಮೂಲದವನು ಎಂಬ ಸುಳಿವಷ್ಟೇ ಹೊರಬಂದಿತ್ತು. ಷಿಕಾಗೊದ ಪತ್ರಿಕೆಯೊಂದರ ಅಂಕಣಕಾರರು ಆತ ಚೀನಾದಿಂದ ಬಂದವನು ಎಂದು ಬರೆದರು. ಆ ಮಾತು ದೂರದೂರ ಹರಡಿತು. ಅಂತರ್ಜಾಲದಲ್ಲಿ ಕೆಲವರು, ಬಂದೂಕಿನ ಜೊತೆ ಫೋಟೊ ಹಾಕಿಕೊಂಡಿದ್ದ ಬೇರೊಬ್ಬ ಯುವಕನನ್ನೇ ಕೊಲೆಗಾರ ಎಂದು ತೀರ್ಮಾನಿಸಿದರು. ಮರುದಿನ ಪೊಲೀಸರು ನಿಜವಾದ ಹೆಸರು ಪ್ರಕಟಿಸಿದರು. ಆತ ದಕ್ಷಿಣ ಕೊರಿಯಾದಲ್ಲಿ ಹುಟ್ಟಿ, ಬಾಲ್ಯದಿಂದ ಅಮೆರಿಕದಲ್ಲೇ ಬೆಳೆದವನು. ಅಷ್ಟರಲ್ಲಿ ಒಬ್ಬ ನಿರಪರಾಧಿಯ ಮೇಲೆ, ಒಂದು ಸಮುದಾಯದ ಮೇಲೆ ಬೊಟ್ಟು ಮಾಡಿ ಆಗಿತ್ತು.

ಒಬ್ಬನ ತಪ್ಪಿಗೆ ಇಡೀ ಸಮುದಾಯವನ್ನು ಅನುಮಾನಿಸಿದರೆ ಹೇಗಿರುತ್ತದೆ ಎಂದು ನಮ್ಮಲ್ಲಿ ಹಲವರಿಗೆ ವಿವರಿಸಬೇಕಾಗಿಲ್ಲ. ಯಾರಾದರೂ ಸುದ್ದಿ ತಂದರೆ ಮೊದಲು ಪರಿಶೀಲಿಸಬೇಕು, ಇಲ್ಲದಿದ್ದರೆ ತಿಳಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಪರಿತಪಿಸಬೇಕಾದೀತು ಎಂಬ ಎಚ್ಚರಿಕೆ ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತದಲ್ಲಿದೆ. ವರದಿಗಾರನ ಮೊದಲ ನಿಯಮವೂ ಅದೇ.

3. ಧ್ವನಿಯ ಪಾಠ

2024ರಲ್ಲಿ ಗಾಝಾ ಯುದ್ಧದ ವಿರುದ್ಧ ಕೊಲಂಬಿಯದ ವಿದ್ಯಾರ್ಥಿಗಳು ಪ್ರತಿಭಟನೆ ನಡೆಸಿದರು. ಏಪ್ರಿಲ್ 30ರ ರಾತ್ರಿ ಪ್ರತಿಭಟನಾಕಾರರಿದ್ದ ಹ್ಯಾಮಿಲ್ಟನ್ ಹಾಲ್‌ಗೆ ಪೊಲೀಸರು ನುಗ್ಗಿದರು. ಹೊರಗಿನ ಪತ್ರಕರ್ತರಿಗೆ ಆವರಣದೊಳಗೆ ಪ್ರವೇಶವಿರಲಿಲ್ಲ. ಒಳಗಿದ್ದವರು ವಿದ್ಯಾರ್ಥಿ ವರದಿಗಾರರು. 'ಸ್ಪೆಕ್ಟೇಟರ್' ಜಾಲತಾಣದಲ್ಲಿ ಕ್ಷಣಕ್ಷಣದ ಸುದ್ದಿ ಕೊಟ್ಟಿತು. ಹೆಚ್ಚಾಗಿ ಜಾಝ್ ಸಂಗೀತಕ್ಕೆ ಹೆಸರಾದ ವಿದ್ಯಾರ್ಥಿ ರೇಡಿಯೊ 'ಡಬ್ಲ್ಯುಕೆಸಿಆರ್' ಆ ರಾತ್ರಿ ನೇರ ವರದಿಗೆ ಮೀಸಲಾಯಿತು. ಕಣ್ಣೆದುರು ನಡೆಯುತ್ತಿದ್ದುದನ್ನು ವರದಿಗಾರರು ಮೊಬೈಲ್‌ನಲ್ಲಿ ಕರೆ ಮಾಡಿ ಹೇಳಿದರು. ಕೇಳುಗರು ಹೆಚ್ಚಾಗಿ ಅವರ ತಾಣವೂ ಕೆಲಹೊತ್ತು ಸ್ಥಗಿತಗೊಂಡಿತು. ಎರಡು ದಿನಗಳ ನಂತರ ಪುಲಿಟ್ಜರ್ ಪ್ರಶಸ್ತಿ ಮಂಡಳಿ ವಿದ್ಯಾರ್ಥಿ ಪತ್ರಕರ್ತರನ್ನು ಮೆಚ್ಚಿ ಹೇಳಿಕೆ ನೀಡಿತು.

ಗಮನಿಸಿ, ಆ ರೇಡಿಯೊ ವರದಿಗೆ ಬೇಕಾದದ್ದು ದುಬಾರಿ ಕ್ಯಾಮೆರಾ ಆಗಿರಲಿಲ್ಲ. ಸ್ಥಳದಲ್ಲಿ ಒಬ್ಬ ವಿದ್ಯಾರ್ಥಿ, ಒಂದು ಫೋನ್, ಕಂಡದ್ದನ್ನು ಕಂಡಷ್ಟೇ ಹೇಳುವ ಶಿಸ್ತು.

4. ನಮಗೆ ಅನ್ವಯ

ನಮ್ಮೆಲ್ಲರ ಫೋನ್ ಈಗ ಒಂದು ಮುದ್ರಣಾಲಯ. ಫಾರ್ವರ್ಡ್ ಮಾಡಲು ಖರ್ಚಿಲ್ಲ. ಆದರೆ ಪರಿಶೀಲನೆ ಎಂಬ ಸ್ಥಿರ ವೆಚ್ಚ ಹಾಗೆಯೇ ಇದೆ. ನಾವು ಅದನ್ನು ಕೊಡದಿದ್ದರೆ ಬೇರೊಬ್ಬರು ನಷ್ಟ ಅನುಭವಿಸುತ್ತಾರೆ. ಮಳೆಗಾಲದಲ್ಲಿ "ನಾಳೆ ರಜೆ" ಎಂಬ ನಕಲಿ ಆದೇಶ ಗ್ರೂಪಿಗೆ ಬಂದರೆ ದೂರದ ಹಳ್ಳಿಯಿಂದ ಬರುವವರು ತರಗತಿ ಕಳೆದುಕೊಳ್ಳುತ್ತಾರೆ. ದಿನಾಂಕ ನೋಡಿ ಕಚೇರಿಗೆ ಒಂದು ಕರೆ ಮಾಡಿದರೆ ಸಾಕು, ನಿಜ ತಿಳಿಯುತ್ತದೆ.

ವರದಿ ಮಾಡುವಾಗ ಇವುಗಳನ್ನು ಪಾಲಿಸೋಣ:

• ಕನಿಷ್ಠ ಇಬ್ಬರಿಂದ ಖಚಿತವಾಗದ ಹೆಸರನ್ನು ಹಾಕಬಾರದು.
• ಫೋಟೊ, ವಿಡಿಯೊಗೆ ಮೊದಲೇ ಅನುಮತಿ ಕೇಳಬೇಕು. ತಮ್ಮ ಮುಖ ಆನ್‌ಲೈನ್‌ನಲ್ಲಿ ಬರುವುದು ಬೇಡ ಎನ್ನುವ ಸಹೋದರಿಯರ ಮಾತನ್ನು ಬರಹದಲ್ಲಿ, ಅವರು ಒಪ್ಪಿದರೆ ಧ್ವನಿಯಲ್ಲಿ ಕೊಡಬಹುದು.
• ಉರ್ದು ಅಥವಾ ಬ್ಯಾರಿಯಲ್ಲಿ ಮಾತನಾಡಿದವರ ಧ್ವನಿಯನ್ನು ಹಾಗೆಯೇ ಇಟ್ಟು, ಕೆಳಗೆ ಕನ್ನಡದಲ್ಲಿ ಬರೆಯಬೇಕು.
• ತಪ್ಪಾದರೆ ಸದ್ದಿಲ್ಲದೆ ಅಳಿಸದೆ, ಏನನ್ನು ಯಾವಾಗ ತಿದ್ದಿದೆವು ಎಂದು ಅಲ್ಲೇ ಹೇಳಬೇಕು.

ಅಭ್ಯಾಸ: ಮುಂದಿನ ಕ್ರೀಡಾದಿನದ ಸುದ್ದಿಯನ್ನು ಮೂರು ರೂಪದಲ್ಲಿ ತಯಾರಿಸಿ: 100 ಪದಗಳ ಬರಹ, ವಿವರ ಸಹಿತ ಒಂದು ಫೋಟೊ, ಒಂದು ನಿಮಿಷದ ಧ್ವನಿ ವರದಿ. ಯಾವ ರೂಪಕ್ಕೆ ಎಷ್ಟು ಸಮಯ ಹಿಡಿಯಿತು, ಅದರಲ್ಲಿ ಪರಿಶೀಲನೆಗೆ ಎಷ್ಟು ಹೋಯಿತು ಎಂದು ಪಕ್ಕದಲ್ಲಿ ಬರೆದಿಡಿ.