ಬೇಡದ ಸದ್ದು

ಬೇಕಾದುದನ್ನು ಕೇಳಿ ಬೇಡವಾದುದನ್ನು ಬದಿಗೆ ಸರಿಸುವ ವಿದ್ಯೆ ಮನುಷ್ಯನಿಗೆ ಸಹಜವಾಗಿಯೇ ಬಂದದ್ದು. ಜಾತ್ರೆಯ ಗದ್ದಲದ ನಡುವೆಯೂ ತಾಯಿ ತನ್ನ ಮಗುವಿನ ಅಳುವನ್ನು ಗುರುತಿಸಬಲ್ಲಳು. ತರಗತಿಯಲ್ಲಿ ಫ್ಯಾನು ತಿರುಗುತ್ತಿದ್ದರೂ, ದೂರದಲ್ಲಿ ಪಂಪ್‌ಸೆಟ್ಟು ಗುಡುಗುಡಿಸುತ್ತಿದ್ದರೂ ಗಮನವಿಟ್ಟ ವಿದ್ಯಾರ್ಥಿಗೆ ಉಪಾಧ್ಯಾಯರ ಮಾತು ಮಾತ್ರ ಕೇಳಿಸುತ್ತದೆ. ಉಳಿದ ಸದ್ದುಗಳು ಕಿವಿಗೆ ಬೀಳುವುದಿಲ್ಲವೆಂದಲ್ಲ. ಮನಸ್ಸು ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೈಕಿಗೆ ಈ ವಿವೇಕವಿಲ್ಲ. ಅದರ ಪಾಲಿಗೆ ಹಾಡೂ ಒಂದೇ, ಫ್ಯಾನಿನ ಸದ್ದೂ ಒಂದೇ. ಕಂಪ್ಯೂಟರಿನಲ್ಲಿ ಧ್ವನಿಯನ್ನು ಮುದ್ರಿಸಹೊರಟವರು ಮೊದಲ ದಿನವೇ ಬೆರಗಾಗುವುದು ಇದರಿಂದ. ನಿಶ್ಶಬ್ದವೆಂದು ತಿಳಿದಿದ್ದ ಕೋಣೆ ಸದ್ದುಗಳ ಸಂತೆಯೆಂದು ಆಗ ತಿಳಿಯುತ್ತದೆ.

ಪ್ರೌಢಶಾಲೆಯೊಂದರ ವಿದ್ಯಾರ್ಥಿಗಳು ತಮ್ಮೂರಿನ ಅಜ್ಜಿಯೊಬ್ಬರ ಬೀಸುವ ಪದಗಳನ್ನು ಮುದ್ರಿಸಿಕೊಳ್ಳಲು ಹೊರಟರೆಂದು ಭಾವಿಸಬಹುದು. ಇದು ಸಣ್ಣ ಕೆಲಸವಲ್ಲ. ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾಗಿ ಹೊರಬಂದವು. ಪದಗಳೇನೋ ಉಳಿದವು, ಆದರೆ ಹಾಡಿದವರ ಕಂಠ, ಸಾಲಿನ ಕೊನೆಯ ಎಳೆತ, ನಡುವೆ ತೆಗೆದುಕೊಂಡ ಉಸಿರು ಇವು ಕಾಗದದ ಮೇಲೆ ನಿಲ್ಲಲಾರವು. ಅವನ್ನು ಹಿಡಿದಿಡುವ ಸಾಧನ ಇಂದು ಶಾಲೆಯ ಮಕ್ಕಳ ಕೈಗೂ ಎಟುಕಿದೆ. ಎಂಬತ್ತು ದಾಟಿದ ಅಜ್ಜಿ ಅದೇ ಪದವನ್ನು ಮುಂದಿನ ವರ್ಷವೂ ಹಾಡಿಯಾರೆಂಬ ಭರವಸೆ ಮಾತ್ರ ಇಲ್ಲ. ಮನೆಗೆ ಬಂದು ಕೇಳಿದಾಗ ಹಾಡೆಲ್ಲ ‘ಗುಂಯ್’ ಎಂಬ ಸದ್ದಿನಲ್ಲಿ ಹೂತುಹೋಗಿದ್ದರೆ ಆ ನಷ್ಟವನ್ನು ತುಂಬಿಕೊಡುವವರು ಯಾರು?

ಆದುದರಿಂದ ಬೇಡದ ಸದ್ದಿನ ಮೂಲವನ್ನು ಹಾಡಿಗೆ ಮೊದಲೇ ಹುಡುಕಬೇಕು. ಅರ್ಧ ನಿಮಿಷ ಯಾರೂ ಮಾತನಾಡದೆ ಬರಿಯ ಕೋಣೆಯನ್ನೇ ಮುದ್ರಿಸಿ, ಇಯರ್‌ಫೋನಿನಲ್ಲಿ ಕೇಳಿದರೆ ಅರ್ಧ ಕೆಲಸ ಮುಗಿದಂತೆ. ಸದ್ದಿನ ಬಗೆಯೇ ಅದರ ಊರನ್ನು ಹೇಳಿಬಿಡುತ್ತದೆ.

ಎಡೆಬಿಡದ ‘ಗುಂಯ್’ ಸದ್ದಾದರೆ ಅದು ವಿದ್ಯುತ್ತಿನದು. ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುತ್ತದೆ. ಆ 50ರ ಮತ್ತು ಅದರ ಇಮ್ಮಡಿಯಾದ 100ರ ಕಂಪನಗಳೇ ಧ್ವನಿಯ ತಂತಿಯೊಳಗೆ ನುಸುಳಿ ಗುಂಯ್‌ಗುಡುತ್ತವೆ. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದೊಡನೆ ಸದ್ದು ನಿಂತರೆ ಅದು ಚಾರ್ಜರಿನ ದಾರಿಯಲ್ಲೇ ಬಂದದ್ದೆಂದು ತಿಳಿಯಬೇಕು. ಎರಡು ಉಪಕರಣಗಳು ಬೇರೆ ಬೇರೆ ಪ್ಲಗ್ಗುಗಳಿಗೆ ಸೇರಿ, ಅವುಗಳ ನಡುವೆ ಧ್ವನಿಯ ಕೇಬಲೂ ಇದ್ದಾಗ, ಅರ್ಥಿಂಗಿನ ತಂತಿಯೂ ಕೇಬಲಿನ ಹೊರಗವಚವೂ ಕೂಡಿ ಒಂದು ಬಳೆಯಾಗುತ್ತವೆ. ಆ ಬಳೆಯಲ್ಲಿ ಸುತ್ತುವ ಅಲ್ಪ ವಿದ್ಯುತ್ತು ಕೂಡ ಹಾಡನ್ನು ಕೆಡಿಸಲು ಸಾಕು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿದರೆ ಬಹುಮಟ್ಟಿಗೆ ಇದು ಅಡಗುತ್ತದೆ. ಕೆಲವರು ಅರ್ಥಿಂಗಿನ ಮೂರನೆಯ ಪಿನ್ನನ್ನೇ ಮುರಿದುಹಾಕುವುದುಂಟು. ಸದ್ದೇನೋ ನಿಂತೀತು, ಆದರೆ ಒಳಗೆಲ್ಲಾದರೂ ತಂತಿ ತಗುಲಿ ಉಪಕರಣದ ಲೋಹದ ಮೈಯಲ್ಲಿ ವಿದ್ಯುತ್ತು ಹರಿದರೆ ಪ್ರಾಣವನ್ನು ಕಾಯುವುದು ಆ ಪಿನ್ನೇ. ಅದನ್ನು ಎಂದಿಗೂ ತೆಗೆಯಕೂಡದು.

ಹುಡುಕುವಾಗ ಒಂದು ಸಂಯಮ ಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮತ್ತೆ ಕೇಳಬೇಕು. ಆತುರದಿಂದ ಕೇಬಲನ್ನು ಬದಲಿಸಿ, ಫ್ಯಾನು ಆರಿಸಿ, ಮೈಕನ್ನೂ ಸರಿಸಿದವರಿಗೆ ಸದ್ದು ನಿಂತರೂ ಏತರಿಂದ ನಿಂತಿತೆಂಬುದು ತಿಳಿಯುವುದಿಲ್ಲ. ನಾಳೆ ಅದೇ ಸದ್ದು ಮರಳಿ ಬಂದಾಗ ಅವರು ಮೊದಲಿದ್ದಲ್ಲಿಯೇ ಇರುತ್ತಾರೆ.

‘ಸುಯ್’ ಎಂಬ ಸಣ್ಣ ಸದ್ದಿಗೆ ಸಾಮಾನ್ಯವಾಗಿ ದೂರವೇ ಕಾರಣ. ದೂರ ಇಮ್ಮಡಿಯಾದರೆ ಬಾಯಿಂದ ನೇರವಾಗಿ ಬರುವ ಧ್ವನಿಯ ತೀವ್ರತೆ ಕಾಲು ಪಾಲಿಗೆ ಇಳಿಯುತ್ತದೆ. ಆ ಕೊರತೆಯನ್ನು ತುಂಬಲು ಯಂತ್ರದ ಬಲವನ್ನು ಏರಿಸಿದರೆ ಹಾಡಿನೊಡನೆ ಕೋಣೆಯ ಮೊಳಗೂ ಯಂತ್ರದ ಸುಯಿಲೂ ಏರುತ್ತವೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗಾಗಿ ಹಾಡಿದಾಗ ವಿದ್ಯುತ್ತಿನ ಮೈಕು ಬಳಕೆಗೆ ಬಂದಿರಲಿಲ್ಲ; ಆ ಕಾಲದ ಗಾಯಕರೆಲ್ಲ ಕಹಳೆಯಂಥ ಕೊಳವೆಯ ಬಾಯಿಗೆ ಮುಖವೊಡ್ಡಿ ಎತ್ತರದ ದನಿಯಲ್ಲಿ ಹಾಡಬೇಕಾಗಿತ್ತು. ಇಂದು ಅಷ್ಟು ಕಷ್ಟವಿಲ್ಲ. ಮೈಕು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಪಕ್ಕಕ್ಕೆ ಇದ್ದರೆ ಸಾಕು. ನೇರ ಎದುರಿಗಿದ್ದರೆ ಪ, ಫ, ಬ, ಭ ಅಕ್ಷರಗಳ ಉಸಿರು ಅಪ್ಪಳಿಸಿ ‘ಧಪ್’ ಎನ್ನುತ್ತದೆ. ಬರಿಗೋಡೆಯ ಕೋಣೆಯ ಮಾರ್ದನಿಯನ್ನು ತಗ್ಗಿಸಲು ಹಗ್ಗದ ಮೇಲೆ ನಾಲ್ಕು ಕೌದಿ ಹರವಿದರೆ ಆಯಿತು.

‘ಕರಕರ’ ಸದ್ದು ಇವೆಲ್ಲಕ್ಕಿಂತ ಕೆಟ್ಟದ್ದು. ಧ್ವನಿಯ ಮಟ್ಟವನ್ನು ತೋರಿಸುವ ಪಟ್ಟಿಯ ತುತ್ತತುದಿಗೆ ಸೊನ್ನೆ ಎಂದು ಹೆಸರು. ಅದನ್ನು ಮೀರಿದ ಅಲೆಗಳ ನೆತ್ತಿಯನ್ನು ಕಂಪ್ಯೂಟರು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಹೀಗೆ ಕತ್ತರಿಸಿದ್ದನ್ನು ಇದ್ದಂತೆಯೇ ಮರಳಿ ತರಲಾಗದು. ಅಜ್ಜಿಯ ಗಟ್ಟಿಯಾದ ಸ್ವರವೂ ಸೊನ್ನೆಗಿಂತ 12 ಡೆಸಿಬೆಲ್ ಕೆಳಗೇ ನಿಲ್ಲುವಂತೆ ಮೊದಲೇ ಹೊಂದಿಸಿಕೊಳ್ಳುವುದು ಜಾಣತನ.

ಇನ್ನು ನಡುನಡುವೆ ‘ಟಿಕ್ ಟಿಕ್’ ಎಂದು ಹಾಡು ತುಂಡಾಗುವುದುಂಟು. ಇದರ ಮೂಲ ಬಹುಪಾಲು ಕೋಣೆಯಲ್ಲಿಲ್ಲ, ಕಂಪ್ಯೂಟರಿನೊಳಗಿದೆ. ಅದು ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಆ ಅಳತೆಗಳನ್ನು ಬಫರ್ ಎಂಬ ತೊಟ್ಟಿಯಲ್ಲಿ ತುಂಬಿ, ತೊಟ್ಟಿ ತುಂಬಿದಂತೆಲ್ಲ ಖಾಲಿ ಮಾಡುತ್ತಿರಬೇಕು. 128 ಅಳತೆಗಳ ತೊಟ್ಟಿ ಸೆಕೆಂಡಿನ ಸಾವಿರದಲ್ಲಿ ಮೂರು ಪಾಲಿನೊಳಗೇ ತುಂಬಿಬಿಡುತ್ತದೆ. ಅಷ್ಟರಲ್ಲಿ ಕಂಪ್ಯೂಟರು ಬೇರೊಂದು ಕೆಲಸಕ್ಕೆ ತಿರುಗಿದ್ದರೆ ತೊಟ್ಟಿ ಉಕ್ಕಿ ಹಾಡಿನ ಒಂದು ಚೂರು ಹೊರಚೆಲ್ಲುತ್ತದೆ. ತೊಟ್ಟಿಯನ್ನು 1,024ಕ್ಕೆ ಹಿಗ್ಗಿಸಿ, ಉಳಿದ ಪ್ರೋಗ್ರಾಮುಗಳನ್ನು ಮುಚ್ಚಿ, ಇಂಟರ್‌ನೆಟ್ಟನ್ನು ಬಿಡಿಸಿದರೆ ಈ ಕಾಟ ಸಾಮಾನ್ಯವಾಗಿ ತಪ್ಪುತ್ತದೆ. ಹಾಡಿದವರ ಸ್ವರವೇ ತಗ್ಗಿ ಎಳೆದಂತೆ ಕೇಳಿಸಿದರೆ ಅಳತೆಯ ವೇಗ ತಪ್ಪಿದೆ ಎಂದರ್ಥ. ಸೆಕೆಂಡಿಗೆ 48,000 ಸಲ ಅಳೆದದ್ದನ್ನು 44,100ರ ವೇಗದಲ್ಲಿ ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ವೇಗವನ್ನು ಸರಿಪಡಿಸಿದರೆ ಹಾಡೂ ಸರಿಯಾಗುತ್ತದೆ.

ಮುದ್ರಿಸಿದ ಮೇಲೆ ಸದ್ದನ್ನು ತೊಳೆಯುವ ಪ್ರೋಗ್ರಾಮುಗಳೂ ಉಂಟು. ಉಚಿತವಾಗಿ ದೊರೆಯುವ ಅಡಾಸಿಟಿ 2000ದಲ್ಲಿ ಬಿಡುಗಡೆಯಾಯಿತು. ಬರಿಯ ಕೋಣೆಯ ಸದ್ದನ್ನು ಕೆಲವು ಸೆಕೆಂಡು ಕೇಳಿಸಿದರೆ ಅದು ಆ ಸದ್ದಿನ ಗುರುತು ಹಿಡಿದು ಹಾಡಿನಿಂದ ತೆಗೆಯಲು ಯತ್ನಿಸುತ್ತದೆ. ಫ್ಯಾನಿನಂಥ ಏಕರೀತಿಯ ಸದ್ದಿಗೆ ಇದು ನಡೆದೀತು. ನಾಯಿ ಬೊಗಳಿದರೆ ನಡೆಯದು. ಅತಿಯಾಗಿ ತೊಳೆದರೆ ಹಾಡಿದವರು ನೀರಿನೊಳಗೆ ಕುಳಿತಂತೆ ಕೇಳಿಸುತ್ತದೆ. ಮೂಲವನ್ನು ಹಾಗೆಯೇ ಕಾಪಾಡಿ ಪ್ರತಿಯ ಮೇಲೆ ಮಾತ್ರ ಕೈಮಾಡತಕ್ಕದ್ದು.

ಯಾವ ಸದ್ದು ಬೇಡದ್ದು ಎಂಬುದನ್ನಂತೂ ಯಂತ್ರ ಹೇಳಲಾರದು. ಪಂಪ್‌ಸೆಟ್ಟಿನ ಸದ್ದು ಬೇಡ. ಅದಕ್ಕೆ ಕರೆಂಟು ಇಲ್ಲದ ಹೊತ್ತನ್ನು ಊರವರಿಂದ ತಿಳಿದುಕೊಂಡು ಹೋದರಾಯಿತು. ಮೊಬೈಲು ಫೋನುಗಳು ಹೊರಗಿರಲಿ. ಆದರೆ ಬೀಸುಕಲ್ಲಿನ ಗರಗರ ಸದ್ದು? ಉತ್ಸಾಹಿಯೊಬ್ಬ ಅದನ್ನೂ ಗದ್ದಲವೆಂದೆಣಿಸಿ, ಕಲ್ಲನ್ನು ಬಿಟ್ಟು ಬರಿದೇ ಹಾಡಿರೆಂದು ಅಜ್ಜಿಯನ್ನು ಕೇಳಿಯಾನು. ಆ ಕಲ್ಲಿನ ಸುತ್ತೇ ಪದದ ತಾಳ; ಕೈ ನಿಂತರೆ ಎಷ್ಟೋ ವೇಳೆ ಪದವೂ ನೆನಪಿಗೆ ಬರುವುದಿಲ್ಲ. ಮೈಕಿನ ಕಾಲಿನ ಕೆಳಗೆ ಮಡಿಸಿದ ಕೌದಿಯೊಂದನ್ನಿಟ್ಟು ನೆಲದ ಅದುರನ್ನು ತಡೆದು, ಮೈಕನ್ನು ಬಾಯಿಯ ಕಡೆಗೆ ತಿರುಗಿಸಿದರೆ ಹಾಡು ಮುಂದೆಯೂ ಕಲ್ಲು ಹಿಂದೆಯೂ ನಿಲ್ಲುತ್ತವೆ. ಪದ ಮುಗಿದು ಕಲ್ಲು ನಿಂತೊಡನೆ ಮುದ್ರಣವನ್ನು ನಿಲ್ಲಿಸಲು ಅವಸರಪಡಬಾರದು. ಇನ್ನೂ ಅರ್ಧ ನಿಮಿಷ ಯಾರೂ ಅಲುಗಾಡದೆ ಕುಳಿತಿದ್ದರೆ ತೊಳೆಯುವ ಕೆಲಸಕ್ಕೆ ಬೇಕಾದ ಬರಿಯ ಕೋಣೆಯ ಸದ್ದು ದೊರೆಯುತ್ತದೆ. ಅಜ್ಜಿಗೆ ಮರೆತುಹೋಗಿದ್ದ ಇನ್ನೊಂದು ನುಡಿ ನೆನಪಾಗುವುದೂ ಅನೇಕ ವೇಳೆ ಆಗಲೇ.